ಸೋಲಾರ್ ಪ್ಯಾನೆಲ್ 21 ವೋಲ್ಟ್ ತೋರಿಸುತ್ತಿದೆ, ಆದರೂ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಪ್ಯಾನೆಲ್ ಸರಿಯಿದೆಯಾ?

ನಿಮ್ಮ 100 ವ್ಯಾಟ್ ಪ್ಯಾನೆಲ್‌ಗೆ ಮಲ್ಟಿಮೀಟರ್ 21 ವೋಲ್ಟ್ ತೋರಿಸಿತು ಅಂದಮಾತ್ರಕ್ಕೆ ಅದು ಸರಿಯಿದೆ ಅಂತ ಹೇಳಲು ಬರುವುದಿಲ್ಲ. ಮೋಡ ಕವಿದಿದ್ದರೂ ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಿಸಿಲಿನ ಜೊತೆ ಏರಿಳಿಯುವುದು ಆಂಪಿಯರ್, ಅಂದರೆ ಹರಿಯುವ ಕರೆಂಟು. ಅದನ್ನು ಅಳೆಯಿರಿ.

ಮೊದಲು ಪ್ಯಾನೆಲ್ ಹಿಂದಿನ ಲೇಬಲ್ ನೋಡಿ. ವಿಓಸಿ ಅಂದರೆ ಏನೂ ಜೋಡಿಸದಿದ್ದಾಗಿನ ವೋಲ್ಟೇಜ್, ಐಎಸ್‌ಸಿ ಅಂದರೆ ಎರಡೂ ವೈರ್ ನೇರ ಸೇರಿಸಿದಾಗ ಹರಿಯುವ ಕರೆಂಟು. ನಿಮ್ಮಂಥ ಪ್ಯಾನೆಲ್‌ನಲ್ಲಿ ಸುಮಾರು 22 ವೋಲ್ಟ್, 6 ಆಂಪಿಯರ್ ಅಂತ ಇರುತ್ತದೆ. ಗುಣಿಸಿ 132 ವ್ಯಾಟ್ ಅಂದುಕೊಳ್ಳಬೇಡಿ, ಅವೆರಡೂ ಒಟ್ಟಿಗೆ ಸಿಗುವುದಿಲ್ಲ.

ಮಧ್ಯಾಹ್ನ ಒಳ್ಳೆ ಬಿಸಿಲಿರುವಾಗ ಪ್ಯಾನೆಲ್ಲನ್ನು ಸೂರ್ಯನ ಎದುರಿಗೆ ತಿರುಗಿಸಿ, ಮೇಲೆ ದಪ್ಪ ಬಟ್ಟೆ ಹೊದಿಸಿ, ಆಮೇಲೆ ಕಂಟ್ರೋಲರ್‌ನಿಂದ (ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಚಾರ್ಜ್ ನಿಯಂತ್ರಿಸುವ ಪೆಟ್ಟಿಗೆ) ಬಿಡಿಸಿ. ಬಟ್ಟೆ ಸುಮ್ನೆ ಅಲ್ಲ, ಡಿಸಿ ಕಿಡಿ ಹತ್ತಿದರೆ ಬೇಗ ಆರುವುದಿಲ್ಲ. ಮೀಟರಿನ ಕೆಂಪು ಪ್ರೋಬ್ 10ಎ (10 ಆಂಪಿಯರ್) ತೂತಿಗೆ, ನಾಬ್ ಡಿಸಿ ಆಂಪಿಯರ್‌ಗೆ. ಪ್ರೋಬ್‌ಗಳನ್ನು ಪ್ಯಾನೆಲ್‌ನ ಪ್ಲಸ್, ಮೈನಸ್‌ಗೆ ಗಟ್ಟಿಯಾಗಿ ಸಿಕ್ಕಿಸಿ ಬಟ್ಟೆ ತೆಗೆಯಿರಿ. ಐದು ಸೆಕೆಂಡ್ ಸಾಕು, ಮತ್ತೆ ಬಟ್ಟೆ ಹೊದಿಸಿಯೇ ಪ್ರೋಬ್ ಬಿಡಿಸಿ. 5ರ ಆಸುಪಾಸು ಬಂದರೆ ಪ್ಯಾನೆಲ್ ಮೇಲೆ ಅಷ್ಟು ಅನುಮಾನ ಬೇಡ. ಒಂದೋ ಎರಡೋ ಬಂದರೆ ತೊಂದರೆ ಪ್ಯಾನೆಲ್‌ನಲ್ಲೇ ಇದೆ. ಲೇಬಲ್ಲಿನಲ್ಲಿ ಐಎಸ್‌ಸಿ 10 ಆಂಪಿಯರ್‌ಗಿಂತ ಜಾಸ್ತಿ ಇರುವ ದೊಡ್ಡ ಪ್ಯಾನೆಲ್ಲಾದರೆ ಈ ಮೀಟರ್ ಬೇಡ, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟು ಅಳೆಯುವಂಥದ್ದು) ಬೇಕು.

ಮುಗಿದ ತಕ್ಷಣ ಕೆಂಪು ಪ್ರೋಬನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ, ದಯವಿಟ್ಟು. ನಾನೊಮ್ಮೆ ಮರೆತು ಹಾಗೇ ಬ್ಯಾಟರಿಗೆ ಹಿಡಿದೆ. ಚಟ್ ಅಂತ ಕಿಡಿ ಹಾರಿ ಪ್ರೋಬಿನ ತುದಿ ಕಪ್ಪಾಯಿತು, ಫ್ಯೂಸ್ ಹೋಯಿತು. ಫ್ಯೂಸೇ ಇಲ್ಲದ ಮೀಟರ್‌ಗಳೂ ಇವೆ, ಆಗ ಕೈ ಸುಡುತ್ತದೆ.

ಇನ್ನೊಂದು ಅಳತೆ ಜನ ಮಾಡುವುದೇ ಇಲ್ಲ. ಎಲ್ಲ ಜೋಡಿಸಿ, ಬಿಸಿಲಿನಲ್ಲಿ ಚಾರ್ಜ್ ಆಗಬೇಕಾದ ಹೊತ್ತಿನಲ್ಲೇ ಪ್ಯಾನೆಲ್ ತುದಿಯಲ್ಲಿ ಒಮ್ಮೆ, ಕಂಟ್ರೋಲರ್ ತುದಿಯಲ್ಲಿ ಒಮ್ಮೆ ವೋಲ್ಟೇಜ್ ನೋಡಿ. ಎರಡೂ ಹತ್ತಿರ ಹತ್ತಿರ ಇರಬೇಕು. ಮೀಟರ್ ತಾನಾಗಿ ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು, ಅದಕ್ಕೇ ಏನೂ ಜೋಡಿಸದೆ ಬರಿ ವೋಲ್ಟೇಜ್ ನೋಡಿದರೆ ಕೆಟ್ಟ ಜಾಯಿಂಟ್ ಗೊತ್ತಾಗುವುದಿಲ್ಲ. ನನಗೂ ನಿಮ್ಮ ಹಾಗೇ 21 ವೋಲ್ಟ್ ಬರುತ್ತಿತ್ತು, ಎಲ್ಲ ಜೋಡಿಸಿ ಕರೆಂಟು ಹರಿಯುವಾಗ ಪ್ಯಾನೆಲ್ ಕಡೆ 20, ಕಂಟ್ರೋಲರ್ ಕಡೆ 13. ಕನೆಕ್ಟರ್ ಬಿಚ್ಚಿದರೆ ಒಳಗಿನ ಪಿನ್ನಿಗೆ ಹಸಿರು ಕಿಲುಬು, ಸುತ್ತಲಿನ ಪ್ಲಾಸ್ಟಿಕ್ ಅರ್ಧ ಕರಗಿತ್ತು. ಅದನ್ನು ಕತ್ತರಿಸಿ ಹೊಸದು ಹಾಕಿದೆ, ಅವತ್ತೇ ಚಾರ್ಜ್ ಶುರುವಾಯಿತು.