ಸಾಮಾಜಿಕ ಡಾಕ್ಯುಮೆಂಟರಿ ಮಾಡುತ್ತಾ ಹೊಸಬರನ್ನೂ ಬೆಳೆಸಿದವರು ಯಾರಾದರೂ ಇದ್ದಾರಾ?

ಅಮೆರಿಕದ ಜಾರ್ಜ್ ಸ್ಟೋನಿ (1916–2012) ಬಗ್ಗೆ ಓದಿ. 1953ರಲ್ಲಿ ಜಾರ್ಜಿಯಾ ರಾಜ್ಯದ ಕಪ್ಪು ಸೂಲಗಿತ್ತಿ ಮೇರಿ ಕೋಲಿ ಅವರ ಕೆಲಸದ ಮೇಲೆ 'ಆಲ್ ಮೈ ಬೇಬೀಸ್' ಮಾಡಿದರು. ಸೂಲಗಿತ್ತಿಯರ ತರಬೇತಿಗೆಂದೇ ಮಾಡಿದ ಚಿತ್ರ ಅದು. ನಿಜವಾದ ಹೆರಿಗೆಯನ್ನೇ ತೋರಿಸಿದ್ದಾರೆ. ಆ ಕಾಲಕ್ಕೆ ಸಣ್ಣ ಮಾತಲ್ಲ, ಅಲ್ವಾ?

ನನಗೆ ಇನ್ನೂ ಜಾಸ್ತಿ ಇಷ್ಟವಾಗುವುದು ಆಮೇಲಿನ ಕೆಲಸ. 1960ರ ದಶಕದ ಕೊನೆಗೆ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನಲ್ಲಿ 'ಚಾಲೆಂಜ್ ಫಾರ್ ಚೇಂಜ್' ಯೋಜನೆ ನೋಡಿಕೊಂಡರು. ಸಮಸ್ಯೆ ಅನುಭವಿಸುತ್ತಿದ್ದವರ ಕೈಗೇ ಕ್ಯಾಮೆರಾ ಕೊಡುವುದು ಅದರ ದಾರಿ. ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನ ತಮ್ಮ ಹಕ್ಕಿಗಾಗಿ ಸೇತುವೆ ತಡೆದಾಗ, ಅದರ ಚಿತ್ರ ಮಾಡಿದ್ದು ಅವರಲ್ಲೇ ಒಬ್ಬ ಯುವಕ. ನಿರ್ಮಾಪಕರು ಸ್ಟೋನಿ. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಪಾಠ ಮಾಡಿದರು.