‘ಕಣ್ಣಾರೆ ಕಂಡೆ’ ಎಂದರೆ ಸಾಕೇ?

ಪ್ರಿಯ ಓದುಗರೇ,

“ಸಾಕ್ಷಿ ಕಣ್ಣಾರೆ ಕಂಡಿದ್ದಾನೆ, ಸುಳ್ಳು ಹೇಳಲು ಅವನಿಗೆ ಕಾರಣವೂ ಇಲ್ಲ. ಮತ್ತೆ ಕೋರ್ಟಿನಲ್ಲಿ ಮನಶ್ಶಾಸ್ತ್ರಜ್ಞರಿಗೇನು ಕೆಲಸ? ನಾಳೆ ತೀರ್ಪನ್ನೂ ಇವರೇ ಕೊಡ್ತಾರಾ?” ಎಂದು ಕೇಳಿದ್ದೀರಿ. ನಿಮ್ಮ ಅನುಮಾನ ನ್ಯಾಯವಾದದ್ದೇ.

ಆದರೆ ಸುಳ್ಳು ಹೇಳದವರೂ ತಪ್ಪು ಹೇಳಬಹುದು ಅಲ್ವಾ? 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದರು. “ಕಾರುಗಳು ಗುದ್ದಿದಾಗ ಎಷ್ಟು ವೇಗದಲ್ಲಿದ್ದವು?” ಎಂದು ಕೆಲವರನ್ನು ಕೇಳಿದರು. ಇನ್ನು ಕೆಲವರಿಗೆ ‘ಗುದ್ದಿದಾಗ’ ತೆಗೆದು ‘ಅಪ್ಪಳಿಸಿದಾಗ’ ಎಂದರು. ಎರಡನೆಯವರು ಹೇಳಿದ ವೇಗವೇ ಜಾಸ್ತಿ. ವಾರ ಬಿಟ್ಟು “ಒಡೆದ ಗಾಜು ನೋಡಿದಿರಾ?” ಎಂದು ಕೇಳಿದರು. ‘ಗುದ್ದಿದ’ ಗುಂಪಿನ 50 ಜನರಲ್ಲಿ 7 ಮಂದಿ, ‘ಅಪ್ಪಳಿಸಿದ’ ಗುಂಪಿನ 50ರಲ್ಲಿ 16 ಮಂದಿ ಹೌದು ಎಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ!

ನನ್ನನ್ನು ಇದಕ್ಕಿಂತ ಕಾಡುವುದು 1998ರ ಇನ್ನೊಂದು ಪ್ರಯೋಗ. ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಮೊದಲು ಅಪರಾಧಿಯೊಬ್ಬ ಕಾಣಿಸುವ ಒಂದು ವಿಡಿಯೊ ತೋರಿಸಿ, ಆಮೇಲೆ ಅವನನ್ನು ಗುರುತಿಸಿ ಎಂದು ಕೆಲವು ಫೋಟೊಗಳನ್ನು ಮುಂದಿಟ್ಟರು. ಅವುಗಳಲ್ಲಿ ತಪ್ಪಿತಸ್ಥನ ಫೋಟೊ ಇರಲೇ ಇಲ್ಲ. ಆದರೂ ಜನ ಯಾರನ್ನೋ ತೋರಿಸಿದರು. ಅವರಲ್ಲಿ ಕೆಲವರಿಗೆ ಮಾತ್ರ “ಸರಿಯಾಗಿ ಗುರುತಿಸಿದಿರಿ” ಎಂದರು. ಅಷ್ಟೇ ಸಾಕಾಯಿತು. ತಮಗೆ ಮೊದಲಿನಿಂದಲೂ ಖಾತ್ರಿಯಿತ್ತು, ಮುಖ ಚೆನ್ನಾಗಿ ಕಂಡಿತ್ತು ಎಂದು ಅವರು ಹೇಳತೊಡಗಿದರು. ಇದೇ ಮಾತನ್ನು ಸ್ಟೇಷನ್ನಿನಲ್ಲಿ ಪೊಲೀಸರೊಬ್ಬರು ಆಡಿದರು ಅಂದುಕೊಳ್ಳಿ. ತಿಂಗಳುಗಳ ನಂತರ ಅದೇ ಸಾಕ್ಷಿ ಕಟಕಟೆಯಲ್ಲಿ ನಿಂತು ಸ್ವಲ್ಪವೂ ತಡವರಿಸದೆ “ಇವನೇ” ಎನ್ನುತ್ತಾನೆ. ಆ ಧೈರ್ಯ ಎಲ್ಲಿಂದ ಬಂತು ಎಂದು ನ್ಯಾಯಾಧೀಶರಿಗೆ ತಿಳಿಯುವುದಾದರೂ ಹೇಗೆ?

ಮುಖ ನೋಡಿದರೆ ಗೊತ್ತಾಗುತ್ತದೆ ಎಂದೂ ಬರೆದಿದ್ದೀರಿ. ಬರೀ ನೋಡಿ, ಕೇಳಿ ಸುಳ್ಳು ಹಿಡಿಯುವುದರಲ್ಲಿ ಜನ 100ಕ್ಕೆ ಸುಮಾರು 54 ಸಲ ಮಾತ್ರ ಸರಿ ಎಂದು ನೂರಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಕಂಡುಕೊಂಡಿದ್ದಾರೆ. ನಾಣ್ಯ ಚಿಮ್ಮಿದರೆ 50.

ಇನ್ನು ನಿಮ್ಮ ಭಯದ ಬಗ್ಗೆ. ಈ ಸಾಕ್ಷಿ ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ಯಾವ ಮನಶ್ಶಾಸ್ತ್ರಜ್ಞರೂ ಹೇಳಲಾರರು, ಹೇಳಲೂಬಾರದು. ನೆನಪು ಎಂಥ ಸಂದರ್ಭದಲ್ಲಿ ಕೆಡುತ್ತದೆ ಎಂದಷ್ಟೇ ಅವರು ತಿಳಿಸಬಲ್ಲರು. ತೂಗಿ ನೋಡುವ ಕೆಲಸ ನ್ಯಾಯಾಧೀಶರದ್ದೇ. ನನ್ನ ಕೇಳಿದರೆ, ಮನಶ್ಶಾಸ್ತ್ರಜ್ಞರ ನಿಜವಾದ ಉಪಯೋಗ ಕೋರ್ಟಿಗಿಂತ ಮೊದಲೇ, ಸ್ಟೇಷನ್ನಿನಲ್ಲಿ. ಫೋಟೊ ತೋರಿಸುವವರಿಗೆ ಶಂಕಿತ ಯಾರೆಂದು ಗೊತ್ತಿರಬಾರದು. ಗುರುತಿಸಿದ ಕೂಡಲೇ, ಬೇರೆ ಯಾರೂ ಬಾಯಿ ಹಾಕುವ ಮೊದಲು, “ನಿಮಗೆ ಎಷ್ಟು ಖಾತ್ರಿ?” ಎಂದು ಕೇಳಿ ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಬೇಕು. ಅವನು “ಇವನೇ ಇರಬಹುದೇನೋ” ಎಂದಿದ್ದರೆ, ಆ ‘ಏನೋ’ ಕೂಡ ಬಿಟ್ಟುಹೋಗದೆ ಕೋರ್ಟಿಗೆ ಬರಬೇಕು.

— ಸಂಪಾದಕ