ಈಜು ಬಾರದ ಅಮ್ಮನೊಡನೆ ಜಾಂಜಿಬಾರ್‌ನ ಹಾಯಿದೋಣಿ ಪ್ರವಾಸಕ್ಕೆ ಹೋಗಬಹುದೇ?

ನೀವು ಕೇಳಿರುವುದು ಇಷ್ಟು: ಬರುವ ಜನವರಿಯಲ್ಲಿ ಮಂಡ್ಯದಿಂದ ಕುಟುಂಬಸಮೇತ, ಪೂರ್ವ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ದ್ವೀಪಸಮೂಹವಾದ ಜಾಂಜಿಬಾರ್‌ಗೆ ಹೊರಟಿದ್ದೀರಿ, ಅಲ್ಲಿ ಹಳೆಯ ಬಗೆಯ ಹಾಯಿದೋಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕರೆದೊಯ್ದು, ನಡುವೆ ಹವಳದ ದಿಬ್ಬಗಳ ಮೇಲೆ ಸ್ನಾರ್ಕೆಲಿಂಗ್ (ಕಣ್ಣು ಮೂಗು ಮುಚ್ಚುವ ಮಾಸ್ಕ್ ತೊಟ್ಟು, ಬಾಯಲ್ಲಿಟ್ಟ ನಳಿಗೆಯಿಂದ ಉಸಿರಾಡುತ್ತ, ಮುಖ ಮುಳುಗಿಸಿ ತೇಲುತ್ತ ನೀರಿನೊಳಗನ್ನು ನೋಡುವುದು) ಮಾಡಿಸುವ ಪ್ರವಾಸಕ್ಕೆ ಸೇರಬೇಕೆಂದಿದ್ದೀರಿ, ನೀವು ಚಿಕ್ಕಂದಿನಲ್ಲಿ ನಾಲೆಯಲ್ಲಿ ಈಜು ಕಲಿತವರು, ಆದರೆ ಅರವತ್ತು ದಾಟಿದ ನಿಮ್ಮ ತಾಯಿಯವರಿಗೆ ಈಜು ಬಾರದು, ಜೊತೆಗೆ ಅವರು ಸಸ್ಯಾಹಾರಿ. ಅವರನ್ನು ಕರೆದುಕೊಂಡು ಹೋಗಬಹುದೇ, ಹೋಗುವುದಾದರೆ ಸಿದ್ಧತೆ ಏನು ಎಂಬುದು ನಿಮ್ಮ ಪ್ರಶ್ನೆ. ನಾನು ಮೈಸೂರಿನವನು. ಪತ್ನಿ, ಹನ್ನೆರಡು ವರ್ಷದ ಮಗಳು ಮತ್ತು ಶ್ರೀರಂಗಪಟ್ಟಣದ ನಮ್ಮ ಅತ್ತೆಯವರೊಂದಿಗೆ ಇದೇ ಪ್ರವಾಸವನ್ನು ಜನವರಿಯಲ್ಲೇ ಮಾಡಿ ಬಂದಿದ್ದೇನೆ. ಅತ್ತೆಯವರಿಗೂ ಈಜು ಬಾರದು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಖಂಡಿತ ಕರೆದುಕೊಂಡು ಹೋಗಿ. ಆದರೆ ಎರಡು ಕೆಲಸಗಳನ್ನು ಮಂಡ್ಯದಲ್ಲಿರುವಾಗಲೇ ಮುಗಿಸಿಕೊಂಡು ಹೊರಡಿ: ಹೋಗುವ ದಿನವನ್ನು ತಿಥಿ ನೋಡಿ ಗೊತ್ತುಮಾಡಿ, ನೀರಿನಲ್ಲಿ ಉಸಿರಾಡುವುದನ್ನು ಈಜುಕೊಳದಲ್ಲಿ ರೂಢಿಸಿಕೊಳ್ಳಿ.

ತಿಥಿ ಎಂದಾಗ ನಾನು ಶುಭ ಅಶುಭಗಳ ಮಾತನಾಡುತ್ತಿಲ್ಲ. ಒಳನಾಡಿನವರಾದ ನಮಗೆ ಸಮುದ್ರವೆಂದರೆ ಸದಾ ತುಂಬಿರುವ ನೀರು ಎಂಬ ಕಲ್ಪನೆಯಿದೆ. ಜಾಂಜಿಬಾರ್‌ನ ಕಡಲು ಹಾಗಿಲ್ಲ. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ 4 ಮೀಟರ್ ಮುಟ್ಟುತ್ತದೆ, ಅಂದರೆ ಒಂದು ಮಹಡಿಯ ಮನೆಯ ಎತ್ತರದಷ್ಟು ನೀರು ಆರು ಗಂಟೆಯೊಳಗೆ ಬಂದು ಮತ್ತೆ ಆರು ಗಂಟೆಯೊಳಗೆ ಹೋಗುತ್ತದೆ. ಅಷ್ಟು ನೀರು ದ್ವೀಪಗಳ ನಡುವಿನ ಕಿರಿದಾದ ದಾರಿಗಳಲ್ಲಿ ಹರಿಯುವಾಗ ಸೆಳೆತ ಬಲವಾಗಿರುತ್ತದೆ. ಸೂರ್ಯ ಚಂದ್ರರ ಎಳೆತಗಳು ಒಂದಕ್ಕೊಂದು ಅಡ್ಡವಾಗುವ ಅಷ್ಟಮಿಯ ಹೊತ್ತಿಗೆ ಈ ಅಂತರ ತೀರ ಕಡಿಮೆಯಾಗಿ, ಅದರ ನಂತರದ ಒಂದೆರಡು ದಿನ ನೀರು ಸೌಮ್ಯವಾಗಿರುತ್ತದೆ. ನಮ್ಮ ಮನೆಯ ಗೋಡೆಯಲ್ಲಿ ತೂಗುವ ಒಂಟಿಕೊಪ್ಪಲ್ ಪಂಚಾಂಗ ಆಫ್ರಿಕಾದ ಕಡಲಿಗೂ ದಾರಿ ತೋರಿಸುತ್ತದೆ ಎಂಬುದು ನನಗೆ ಹೊಳೆದದ್ದು ಅಲ್ಲಿಂದ ಹಿಂದಿರುಗಿದ ಮೇಲೆ.

ನಾವು ಹೋದದ್ದು ಹುಣ್ಣಿಮೆ ಕಳೆದ ಮೂರನೆಯ ದಿನ. ಬೆಳಿಗ್ಗೆ ದೋಣಿ ದಡಕ್ಕೆ ಬರಲಾಗದೆ ದೂರದಲ್ಲೇ ಲಂಗರು ಹಾಕಿತ್ತು. ಮೊಣಕಾಲುದ್ದದ ನೀರಿನಲ್ಲಿ, ಕಾಲಿಗೆ ಚುಚ್ಚುವ ಹವಳದ ಚೂರುಗಳ ಮೇಲೆ ಅತ್ತೆಯವರ ಕೈಹಿಡಿದು ನಿಧಾನವಾಗಿ ನಡೆದೆವು. ಮಧ್ಯಾಹ್ನದ ಹೊತ್ತಿಗೆ ಇಳಿತ ಪೂರ್ತಿಯಾಗಿ, ಬೆಳಿಗ್ಗೆ ಬರಿಯ ನೀರಿದ್ದ ಜಾಗದಲ್ಲಿ ಬಿಳಿಯ ಮರಳಿನ ದಿಬ್ಬವೊಂದು ಎದ್ದು ನಿಂತಿತ್ತು. ಆ ನೋಟ ಮರೆಯಲಾಗದು. ಆದರೂ ನಿಮ್ಮ ತಾಯಿಯವರನ್ನು ನೆನೆದು ಹೇಳುವುದಾದರೆ, ಅಷ್ಟಮಿಯಿಂದ ಏಕಾದಶಿಯೊಳಗಿನ ದಿನವನ್ನೇ ಆರಿಸಿ. ಮರಳ ದಿಬ್ಬ ಚಿಕ್ಕದಾಗಿರಬಹುದು, ಆದರೆ ಸೆಳೆತ ಕಡಿಮೆ, ನೀರಿನಲ್ಲಿ ನಡೆಯಬೇಕಾದ ದೂರವೂ ಕಡಿಮೆ.

ಜನವರಿ ತಿಂಗಳು ಸರಿಯಾದ ಕಾಲವೇ. ಅಲ್ಲಿನವರು 'ಕಸ್ಕಾಜಿ' ಎಂದು ಕರೆಯುವ ಈಶಾನ್ಯದ ಗಾಳಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೀಸುತ್ತದೆ. ಬಿಸಿಲು ಹೆಚ್ಚಾದರೂ ಕಡಲು ಬಹುಮಟ್ಟಿಗೆ ಶಾಂತ. ಮಾರ್ಚ್ ಕೊನೆಯಿಂದ ಮೇವರೆಗೆ ಜೋರು ಮಳೆ. ಆಮೇಲಿನದು 'ಕುಸಿ', ಆಗ್ನೇಯದ ಗಾಳಿ. ಈ ಕುಸಿಯೇ ಭೂಮಧ್ಯರೇಖೆ ದಾಟಿ, ದಿಕ್ಕು ತಿರುಗಿ, ನಮ್ಮ ಮುಂಗಾರಾಗಿ ಕೊಡಗಿನ ಬೆಟ್ಟಗಳಿಗೆ ಬಡಿಯುವುದು, ಕೆ.ಆರ್.ಎಸ್. ತುಂಬುವುದೂ ಅದರಿಂದಲೇ. ಶತಮಾನಗಳ ಕಾಲ ಅರಬ್ಬರ, ಗುಜರಾತಿನವರ ಹಾಯಿಹಡಗುಗಳು ಒಂದು ಗಾಳಿಯಲ್ಲಿ ಅತ್ತ ಹೋಗಿ ಇನ್ನೊಂದರಲ್ಲಿ ಇತ್ತ ಮರಳುತ್ತಿದ್ದವು, ನಮ್ಮ ಮಂಗಳೂರು ಹೆಂಚುಗಳು ಪೂರ್ವ ಆಫ್ರಿಕಾದ ಮನೆಗಳನ್ನು ಸೇರಿದ್ದೂ ಇದೇ ಸಮುದ್ರದ ಹಾದಿಯಲ್ಲಿ.

ದೋಣಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದು ಕೇವಲ ಮೀನು ನೋಡಲು ಹೋಗುವ ವಾಹನವಲ್ಲ. ನಾವು ಹೊರಟದ್ದು ಜಾಂಜಿಬಾರ್‌ನ ಮುಖ್ಯದ್ವೀಪವಾದ ಉಂಗುಜಾದ ನೈಋತ್ಯದಲ್ಲಿರುವ ಫುಂಬಾ ಎಂಬ ಹಳ್ಳಿಯಿಂದ. ಅದರ ಮುಂದಿನ ಮೆನಾಯಿ ಕೊಲ್ಲಿ 1997ರಿಂದ ಸಂರಕ್ಷಿತ ಪ್ರದೇಶ, ವಿಸ್ತೀರ್ಣ 470 ಚದರ ಕಿಲೋಮೀಟರ್. ದೊಡ್ಡ ದೋಣಿಗೆ ಅವರು 'ಜಹಾಜಿ' ಎನ್ನುತ್ತಾರೆ, ದೋಣಿಯ ಮುಖ್ಯಸ್ಥನಿಗೆ 'ನಹೋಧ'. ಎರಡೂ ಮಾತುಗಳ ಸೋದರರು ನಮ್ಮ ಕರಾವಳಿಯಲ್ಲೂ ಇದ್ದಾರೆ. ಹಲಗೆಗಳ ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿಯಿಂದ ಬಡಿದು ತುಂಬಿರುತ್ತಾರೆ. ಗಿಡ್ಡನೆಯ ಕಂಬಕ್ಕೆ ಅದಕ್ಕಿಂತ ಉದ್ದನೆಯ ತೊಲೆಯೊಂದನ್ನು ಓರೆಯಾಗಿ ಏರಿಸಿ, ಅದರಿಂದ ಮೂರು ಮೂಲೆಯ ಹಾಯಿಯನ್ನು ಬಿಡುತ್ತಾರೆ. ಹೋಗುವಾಗ ಗಾಳಿ ಸಾಲದೆ ಮೋಟಾರು ಹಾಕಿದ್ದರು. ಸಂಜೆ ಮರಳುವಾಗ ಮೋಟಾರು ನಿಲ್ಲಿಸಿ, ನಾಲ್ಕು ಜನ ಸೇರಿ ರಾಗವಾಗಿ ಕೂಗುತ್ತ ಹಗ್ಗ ಎಳೆದರು. ಹಾಯಿ ಒಂದು ಸಲ ಪಟಪಟನೆ ಹೊಡೆದುಕೊಂಡು, ಗಾಳಿ ತುಂಬಿಕೊಂಡ ಕ್ಷಣಕ್ಕೆ ಸದ್ದೆಲ್ಲ ಅಡಗಿ, ದೋಣಿ ಒಂದು ಮಗ್ಗುಲಿಗೆ ವಾಲಿ ಹೊರಟಿತು. ವಾಲುವುದನ್ನು ಕಂಡು ನಿಮ್ಮ ತಾಯಿಯವರು ಹೆದರಬಹುದು. ಹಾಯಿದೋಣಿ ವಾಲಿಯೇ ಸಾಗುವುದು ಎಂದು ಮೊದಲೇ ತಿಳಿಸಿರಿ. ಸಂಗಮದಲ್ಲಿ ಹರಿಗೋಲು ಹತ್ತಿ ಅಭ್ಯಾಸವಿದ್ದ ನಮ್ಮ ಅತ್ತೆಯವರು ಮಾತ್ರ, ಇದು ತಿರುಗದೆ ನೇರ ಹೋಗುತ್ತದಲ್ಲ ಎಂದು ಸಮಾಧಾನಪಟ್ಟರು. ಹಾಯಿ ಏರಿಸುವಾಗ ನೆರಳಿನ ಬಟ್ಟೆಯನ್ನು ಬಿಚ್ಚಿಬಿಡುತ್ತಾರೆ, ಆದ್ದರಿಂದ ಕಿವಿ ಮುಚ್ಚುವ ಟೋಪಿ ಇರಲಿ. ಮಡಿಕೇರಿ ದಾರಿಯ ತಿರುವುಗಳಲ್ಲಿ ಯಾರಿಗಾದರೂ ವಾಂತಿಯಾಗುವ ರೂಢಿಯಿದ್ದರೆ, ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಮೊದಲೇ ಕೊಡಿ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ.

ಇನ್ನು ಉಸಿರಾಟ. ಈಜು ಬಲ್ಲವರಿಗೆ ಸ್ನಾರ್ಕೆಲಿಂಗ್ ಸುಲಭ, ಬಾರದವರಿಗೆ ಅಸಾಧ್ಯ ಎಂದು ನಾನೂ ನಂಬಿದ್ದೆ. ಹಾಗಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಆ ನೀರು ಕಾವೇರಿಗಿಂತ ಹೆಚ್ಚು ತೇಲಿಸುತ್ತದೆ, ಲೈಫ್ ಜಾಕೆಟ್ ತೊಟ್ಟರೆ ಮುಳುಗಬೇಕೆಂದರೂ ಮುಳುಗಲಾಗದು. ಕಷ್ಟವಿರುವುದು ಮೂಗನ್ನು ಮರೆತು ಬಾಯಿಯಿಂದಲೇ ಉಸಿರಾಡುವುದರಲ್ಲಿ. ನನ್ನ ಪತ್ನಿ ಗೋಕುಲಂನಲ್ಲಿ ವರ್ಷಗಟ್ಟಲೆ ಯೋಗ ಕಲಿತವಳು. ಮೂಗಿನಿಂದ ಉಸಿರೆಳೆಯುವುದು ಅವಳಿಗೆ ಎಷ್ಟು ಸಹಜವಾಗಿತ್ತೆಂದರೆ ಮಾಸ್ಕ್ ಹಾಕಿ ಮುಖ ಮುಳುಗಿಸಿದಾಗಲೆಲ್ಲ ಮೂಗು ತಾನಾಗಿ ಎಳೆಯುತ್ತಿತ್ತು, ಗಾಳಿ ಬಾರದೆ ಎದೆ ಬಿಗಿದು ತಲೆ ಎತ್ತಿಬಿಡುತ್ತಿದ್ದಳು. ನಾಲ್ಕನೆಯ ದಿನಕ್ಕೆ ಸರಿಹೋಯಿತು. ಅದು ಆದದ್ದು ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ, ಎದೆಮಟ್ಟದ ನೀರಿನಲ್ಲಿ. ಅದೇ ಹೆದರಿಕೆ ನಡುಗಡಲಿನಲ್ಲಿ ಮೊದಲ ಬಾರಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಇಷ್ಟವಿಲ್ಲ. ಮಂಡ್ಯದಲ್ಲೂ ಈಜುಕೊಳವಿದೆ, ಕೇಳಿ ಅನುಮತಿ ಪಡೆಯಿರಿ. ದಯವಿಟ್ಟು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಮಾತ್ರ ಈ ಅಭ್ಯಾಸ ಬೇಡ. ಅಲ್ಲಿನ ಸೆಳೆತವನ್ನೂ ಹತ್ತಲಾಗದ ಜಾರುದಂಡೆಯನ್ನೂ ನೀವೇ ಬಲ್ಲಿರಿ.

ಮಾಸ್ಕ್ ಮತ್ತು ನಳಿಗೆಯನ್ನು ನಿಮ್ಮದೇ ಕೊಂಡೊಯ್ಯಿರಿ. ಮಾಸ್ಕಿನ ಪಟ್ಟಿಯನ್ನು ಹಿಂದಕ್ಕೆ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಒಂದು ಸಲ ಎಳೆದುಕೊಳ್ಳಿ, ಕೈಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖದ ಅಳತೆಯದು. ನನಗೆ ದಪ್ಪ ಮೀಸೆಯಿದೆ. ಕೂದಲಿನ ಸಂದಿಯಿಂದ ನೀರು ಜಿನುಗಿ ಮೂಗಿನ ಕೆಳಗೆ ನಿಲ್ಲುತ್ತಿತ್ತು. ಮೂಗಿನ ಬುಡದಲ್ಲಿ ಒಂದು ಬೆರಳಗಲ ಬೋಳಿಸಿದ ಮೇಲೆ ನಿಂತಿತು. ಒಳಗೆ ನೀರು ಬಂದರೆ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ತಲೆ ತುಸು ಎತ್ತಿ, ಮೂಗಿನಿಂದ ಜೋರಾಗಿ ಊದಬೇಕು. ನಳಿಗೆಗೆ ನೀರು ನುಗ್ಗಿದರೆ ಒಲೆ ಊದುವಂತೆ ಒಮ್ಮೆಗೇ ಊದಿ ಹೊರಹಾಕಬೇಕು. ಉಸಿರು ಉದ್ದವಾಗಿ, ನಿಧಾನವಾಗಿರಲಿ. ಗಾಬರಿಯಿಂದ ಸಣ್ಣಸಣ್ಣ ಉಸಿರೆಳೆದರೆ ನಳಿಗೆಯಲ್ಲಿ ಉಳಿದ ಬಿಟ್ಟ ಗಾಳಿಯೇ ಮತ್ತೆ ಒಳಗೆ ಬರುತ್ತದೆ. ಇಡೀ ಮುಖ ಮುಚ್ಚುವ ಹೊಸ ಬಗೆಯ ಮಾಸ್ಕುಗಳು ಸುಲಭವೆನಿಸಿದರೂ ನಾನು ಅವನ್ನು ಒಪ್ಪುವುದಿಲ್ಲ, ಏಕೆಂದರೆ ತೊಂದರೆಯಾದಾಗ ನಳಿಗೆಯನ್ನು ಉಗುಳಿ ಬಾಯಿ ತೆರೆಯುವಂತೆ ಅದನ್ನು ಥಟ್ಟನೆ ಕಳಚಲಾಗದು.

ಅತ್ತೆಯವರ ವಿಷಯ ಹೇಳಲೇಬೇಕು. ಅವರು ದೋಣಿಯಲ್ಲೇ ಕೂರುವುದೆಂದು ಮೊದಲೇ ತೀರ್ಮಾನವಾಗಿತ್ತು. ಆದರೆ ನಾವು ನೀರಿನಿಂದ ಮೇಲೆ ಬಂದು ಕಂಡದ್ದನ್ನು ಹೇಳುತ್ತಿದ್ದಾಗ ಅವರ ಮುಖದಲ್ಲಿದ್ದ ಆಸೆಯನ್ನು ಗೈಡ್ ಗಮನಿಸಿದ. ಲೈಫ್ ಜಾಕೆಟ್ ಬಿಗಿದು, ತೇಲುವ ರಿಂಗನ್ನು ಎರಡೂ ಕೈಯಲ್ಲಿ ಹಿಡಿಸಿ, ತಾನು ಮುಂದೆ ಈಜುತ್ತ ಅವರನ್ನು ಮೆಲ್ಲಗೆ ಎಳೆದುಕೊಂಡು ಹೋದ. ಅವರು ಮುಖ ಮುಳುಗಿಸಿದ್ದು ಒಟ್ಟು ಐದಾರು ನಿಮಿಷವಿರಬಹುದು. ಕೆಳಗೆ, ಗಾಳಿಗೆ ತೊನೆಯುವ ರಾಗಿ ತೆನೆಗಳಂತೆ ಬಳುಕುತ್ತಿದ್ದ ಕಡಲಹೂವು (ಸೀ ಅನಿಮೋನ್) ಎಂಬ ಪ್ರಾಣಿಯ ಬೆರಳುಗಳ ನಡುವೆ ಬಿಳಿ ಪಟ್ಟೆಯ ಪುಟ್ಟ ಮೀನುಗಳು ಒಳಹೊಕ್ಕು ಹೊರಬರುತ್ತಿದ್ದವು. ನೀರಿನೊಳಗೆ ಎಲ್ಲವೂ ಮೂರರಲ್ಲೊಂದು ಭಾಗ ದೊಡ್ಡದಾಗಿ ಕಾಣುವುದರಿಂದ ಅವು ಕೈಗೆಟುಕುವಂತಿದ್ದವು. ಮೇಲೆ ಬಂದವರೇ, "ಅವು ಆ ಮನೆ ಬಿಟ್ಟು ಎಲ್ಲೂ ಹೋಗಲ್ವೇನಪ್ಪ?" ಎಂದು ಕೇಳಿದರು. ಬಹುಮಟ್ಟಿಗೆ ಹೋಗುವುದಿಲ್ಲ, ಬೇರೆ ಮೀನುಗಳನ್ನು ಕುಟುಕುವ ಆ ಬೆರಳುಗಳೇ ಅವಕ್ಕೆ ರಕ್ಷಣೆ. ನೀವು ಇಳಿದಾಗ ಕಿವಿಗೊಟ್ಟು ಕೇಳಿ, ನೀರಿನೊಳಗೆ ಕಟುಕಟು ಎಂಬ ಸದ್ದು ಬರುತ್ತದೆ. ಗಿಳಿಯ ಕೊಕ್ಕಿನಂಥ ಹಲ್ಲಿರುವ ಮೀನುಗಳು ಹವಳದ ಬಂಡೆಯನ್ನು ಕೆರೆಯುವ ಸದ್ದು ಅದು, ಅವು ಅರೆದು ಹೊರಹಾಕುವ ಪುಡಿಯೂ ಸೇರಿಯೇ ಅಲ್ಲಿನ ಬಿಳಿ ಮರಳಾಗಿದೆ.

ಹವಳ ಕಲ್ಲಿನಂತೆ ಕಂಡರೂ ಜೀವಂತ ಪ್ರಾಣಿಗಳ ಗೂಡು. ದಣಿವಾಯಿತೆಂದು ಅದರ ಮೇಲೆ ಕಾಲೂರಿ ನಿಲ್ಲಬೇಡಿ, ಬೇರೆಯವರು ನಿಂತರೆ ತಡೆಯಿರಿ. ಒಂದು ಹೆಜ್ಜೆಗೆ ಮುರಿಯುವ ಕೊಂಬೆ ಬೆಳೆಯಲು ವರ್ಷಗಳು ಬೇಕು. ನೀರು ಅತಿಯಾಗಿ ಬಿಸಿಯಾದಾಗ ಹವಳ ಬಿಳುಚಿಕೊಳ್ಳುತ್ತದೆ. 1998ರಲ್ಲಿ ಹಿಂದೂ ಮಹಾಸಾಗರದುದ್ದಕ್ಕೂ ಹಾಗಾಗಿ ಅಪಾರ ಹಾನಿಯಾಗಿತ್ತು, ಉಳಿದುಕೊಂಡದ್ದನ್ನು ನೋಡಲು ಹೋಗುವವರು ನಾವು. ಬಿಸಿಲಿಗೆ ಕ್ರೀಮು ಮೆತ್ತಿಕೊಳ್ಳುವುದಕ್ಕಿಂತ ತುಂಬುತೋಳಿನ ಅಂಗಿ ಮತ್ತು ಕಾಲು ಮುಚ್ಚುವ ಉಡುಪು ಒಳ್ಳೆಯದು. ಮುಖ ಕೆಳಗಾಗಿ ತೇಲುವಾಗ ಸುಡುವುದು ಬೆನ್ನು ಮತ್ತು ಮೀನಖಂಡ. ಉದ್ದನೆಯ ಕರಿಮುಳ್ಳಿನ ಸೀ ಅರ್ಚಿನ್‌ಗಳು ಆಳವಿಲ್ಲದ ನೀರಿನಲ್ಲಿ ಹೇರಳವಾಗಿವೆ, ಆದ್ದರಿಂದ ಅಡಿ ದಪ್ಪವಿರುವ ರಬ್ಬರ್ ಶೂ ಎಲ್ಲರಿಗೂ ಬೇಕು.

ಊಟದ ಬಗ್ಗೆ ಚಿಂತೆ ಬೇಡ. ಕ್ವಾಲೆ ಎಂಬ ದ್ವೀಪದಲ್ಲಿ ಕೆಂಡದ ಮೇಲೆ ಮೀನು ಸುಡುತ್ತಾರಾದರೂ ತೆಂಗಿನ ಹಾಲಿನ ಅನ್ನ, ಚಪಾತಿ, ತರಕಾರಿ, ಹಣ್ಣುಗಳು ಇದ್ದೇ ಇರುತ್ತವೆ. ಚಪಾತಿಗೆ ಅವರೂ ಚಪಾತಿ ಎಂದೇ ಹೇಳುತ್ತಾರೆ. ಹಿಂದಿನ ದಿನವೇ ತಿಳಿಸಿದ್ದರಿಂದ ಅತ್ತೆಯವರಿಗೆ ಬೇರೆ ಪಾತ್ರೆಯಲ್ಲಿ ಪಲ್ಯ ಮಾಡಿದ್ದರು. ಅದೇ ದ್ವೀಪದಲ್ಲಿ ನೆಲಕ್ಕೊರಗಿಯೂ ಚಿಗುರುತ್ತಿರುವ ಭಾರಿ ಬಾವೊಬಾಬ್ ಮರವೊಂದಿದೆ, ಸವಣೂರಿನ ದೊಡ್ಡ ಹುಣಸೆ ಮರಗಳ ಜಾತಿಯದೇ.

ಕೊನೆಯದಾಗಿ ಒಂದು ಎಚ್ಚರಿಕೆ. ಇದಕ್ಕೂ ಎರಡು ದಿನ ಮೊದಲು, ಬೇರೊಂದು ಕಡಲತೀರದಲ್ಲಿ ಕಡಿಮೆ ಬೆಲೆಗೆ ಒಪ್ಪಿದ ಒಬ್ಬರಿಗೆ ಮುಂಗಡ ಕೊಟ್ಟಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ನಾಲ್ವರಿಗೆ ಎರಡೇ ಲೈಫ್ ಜಾಕೆಟ್, ಅವುಗಳಲ್ಲಿ ಒಂದರ ಬಕಲ್ ಮುರಿದಿತ್ತು. ನನ್ನ ಪತ್ನಿ ದೋಣಿ ಹತ್ತಲು ಒಪ್ಪಲಿಲ್ಲ, ಮುಂಗಡ ವಾಪಸು ಬರಲಿಲ್ಲ. ಹೋದ ಹಣಕ್ಕೆ ನಾನು ಈಗಲೂ ಬೇಸರಪಟ್ಟಿಲ್ಲ. ನೀವು ಮಾತ್ರ ಹಣ ಕೊಡುವ ಮೊದಲೇ ಪ್ರತಿಯೊಬ್ಬರಿಗೂ ಸರಿಹೊಂದುವ ಜಾಕೆಟ್ ಇದೆಯೇ, ನೀರಿಗೆ ಗೈಡ್ ಜೊತೆಯಲ್ಲಿ ಇಳಿಯುತ್ತಾರೆಯೇ, ದೋಣಿಯಲ್ಲಿ ಮೋಟಾರು ಇದೆಯೇ, ಡಾಲ್ಫಿನ್ ಕಂಡರೆ ಬೆನ್ನಟ್ಟದೆ ದೂರದಿಂದಲೇ ತೋರಿಸುತ್ತಾರೆಯೇ ಎಂದು ಕೇಳಿ ತಿಳಿಯಿರಿ. ನಿಮ್ಮ ಪ್ರಯಾಣದ ದಿನಾಂಕಗಳನ್ನು ಇಲ್ಲೇ ಬರೆದರೆ, ಪಂಚಾಂಗ ತೆರೆದು ಅವುಗಳಲ್ಲಿ ಯಾವ ದಿನ ಸೂಕ್ತವೆಂದು ತಿಳಿಸುತ್ತೇನೆ.